ಹಬ್ಬದ ಸಾರು ಮತ್ತು ಮಿಕ್ಸರ್: ರುಚಿ, ನಯ, ಆರೋಗ್ಯ

ಹಬ್ಬವೆಂದೊಡನೆ ಕನ್ನಡಿಗರ ಮನಸ್ಸು ಹೋಳಿಗೆಯತ್ತ ಹರಿಯುವುದು ಸಹಜ. ಆದರೆ ಹೋಳಿಗೆಯ ಬೆನ್ನಿಗೇ ಬರುವ ಕಟ್ಟಿನ ಸಾರಿಗೆ ತಕ್ಕ ಮನ್ನಣೆ ದೊರೆಯುವುದು ಅಪರೂಪ. 1956ರ ನವೆಂಬರ್ 1ರವರೆಗೆ ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದ ಅಂಗಗಳಾಗಿದ್ದವು. ಆ ಸೀಮೆಯಿಂದ ಬಂದು ಈ ನಗರದಲ್ಲಿ ನೆಲೆಸಿದ ಕುಟುಂಬಗಳು ತಮ್ಮೊಡನೆ ತೊಗರಿಬೇಳೆಯ ರುಚಿಯನ್ನೂ ತಂದವು. 2019ರಲ್ಲಿ ಭೌಗೋಳಿಕ ಗುರುತನ್ನು ಪಡೆದ ಗುಲ್ಬರ್ಗಾ ತೊಗರಿಯೇ ಅವರ ಹಬ್ಬದ ಅಡುಗೆಯ ಜೀವಾಳ. ಇಲ್ಲಿನ ವಿವಾಹಭೋಜನಗಳಲ್ಲಿ ‘ಮರಗ್’ ಎಂಬ ಮಾಂಸದ ಸಾರಿಗೆ ಇರುವ ಸ್ಥಾನವೇ ಕನ್ನಡದ ಮನೆಗಳಲ್ಲಿ ಕಟ್ಟಿನ ಸಾರಿಗೆ ಇದೆ ಎನ್ನಬಹುದು.

ಬೀಸುವ ಕಲ್ಲಿನಿಂದ ಮಿಕ್ಸರಿನವರೆಗೆ

ಹಿಂದೆ ಈ ಸಾರಿನ ಮಸಾಲೆ ಒರಳಿನಲ್ಲಿ ಅರೆಯಲ್ಪಡುತ್ತಿತ್ತು. ನಗರದ ಇಕ್ಕಟ್ಟಾದ ಮನೆಗಳಲ್ಲಿ ಒರಳಿಗೆ ಎಡೆಯಿಲ್ಲ. ಅದರ ಸ್ಥಾನವನ್ನು ವಿದ್ಯುತ್ ಯಂತ್ರ ಆಕ್ರಮಿಸಿದೆ. ಪಾತ್ರೆಯ ತಳದಲ್ಲಿ ತಿರುಗುವ ಅಲಗುಗಳುಳ್ಳ ಯಂತ್ರಕ್ಕೆ ಅಮೆರಿಕದ ಸ್ಟೀಫನ್ ಪೊಪ್ಲಾವ್‌ಸ್ಕಿ 1920ರ ದಶಕದಲ್ಲಿ ಹಕ್ಕುಪತ್ರ ಪಡೆದನು. ಆ ಯಂತ್ರ ಪಾನೀಯಗಳಿಗೆಂದು ಹುಟ್ಟಿದುದು. ಒಣಕೊಬ್ಬರಿ, ನೆನೆದ ಬೇಳೆಗಳನ್ನು ಅರೆಯಬಲ್ಲ ಬಲಶಾಲಿ ಮೋಟಾರಿನ ಮಿಕ್ಸರ್ ನಮ್ಮ ದೇಶದಲ್ಲಿ ರೂಪುಗೊಂಡದ್ದು 1960ರ ದಶಕದಿಂದೀಚೆಗೆ.

ಸಾರು ನಯವಾಗುವುದು ಹೇಗೆ?

ನಾಲಗೆಗೆ ತರಿತರಿಯಾಗಿ ತೋರುವುದು ದೊಡ್ಡ ಕಣಗಳು. ಚೆನ್ನಾಗಿ ಬೆಂದ ಬೇಳೆ ಅಥವಾ ತರಕಾರಿಯ ಜೀವಕೋಶಗಳ ನಡುವಣ ಬಂಧ ಸಡಿಲವಾಗಿರುವುದರಿಂದ ಅಲಗುಗಳು ಅವನ್ನು ಸುಲಭವಾಗಿ ಬಿಡಿಸುತ್ತವೆ. ಅರೆಬೆಂದುದನ್ನು ಎಷ್ಟು ತಿರುಗಿಸಿದರೂ ನಯ ಬಾರದು. ಆದ್ದರಿಂದ ನಯದ ಮೊದಲ ಗುಟ್ಟು ಒಲೆಯಲ್ಲಿದೆ, ಯಂತ್ರದಲ್ಲಿಲ್ಲ. ಎರಡನೆಯದಾಗಿ, ಮೊದಲು ಸ್ವಲ್ಪವೇ ನೀರಿನೊಡನೆ ಗಟ್ಟಿಯಾಗಿ ಅರೆದು ಬಳಿಕ ತೆಳುಗೊಳಿಸಬೇಕು. ನೀರು ಹೆಚ್ಚಾದರೆ ಕಣಗಳು ಅಲಗಿಗೆ ಸಿಗದೆ ತೇಲಾಡುತ್ತವೆ. ಕೊಬ್ಬರಿ, ಗೋಡಂಬಿಗಳನ್ನು ನುಣ್ಣಗೆ ಅರೆದಾಗ ಅವುಗಳ ಎಣ್ಣೆ ಸೂಕ್ಷ್ಮ ಹನಿಗಳಾಗಿ ನೀರಿನಲ್ಲಿ ಹರಡಿ, ಕೆನೆಯಿಲ್ಲದೆಯೂ ಕೆನೆಯ ಮಾರ್ದವ ನೀಡುತ್ತದೆ.

ಕಟ್ಟಿನ ಸಾರು

ಒಂದು ಬಟ್ಟಲು ಬೇಳೆಗೆ ಐದಾರು ಬಟ್ಟಲು ನೀರಿಟ್ಟು ಬೇಯಿಸಿ, ಕಟ್ಟನ್ನು ಬಸಿದುಕೊಳ್ಳಬೇಕು. ಬೇಳೆಯಿಂದ ಕರಗಿದ ಬಿ ಗುಂಪಿನ ಜೀವಸತ್ವಗಳ ಒಂದಂಶ ಈ ಕಟ್ಟಿನಲ್ಲಿರುವುದರಿಂದ ಅದನ್ನು ಚೆಲ್ಲುವುದು ನಷ್ಟವೇ ಸರಿ. ಎರಡು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಆರೆಂಟು ಮೆಣಸಿನ ಕಾಳು, ಎರಡು ಲವಂಗ, ಚೂರು ದಾಲ್ಚಿನ್ನಿ, ಎರಡು ಚಮಚ ಒಣಕೊಬ್ಬರಿಗಳನ್ನು ಹದವಾಗಿ ಹುರಿದು, ಆರಿದ ಮೇಲೆ ಒಣದಾಗಿಯೇ ಪುಡಿಮಾಡಬೇಕು. ಅನಂತರ ಒಂದು ನಿಂಬೆಗಾತ್ರದ ಹೂರಣ ಮತ್ತು ನಾಲ್ಕು ಚಮಚ ನೀರು ಬೆರೆಸಿ ನುಣ್ಣಗೆ ಅರೆಯಬೇಕು. ಇದನ್ನು ಕಟ್ಟಿಗೆ ಸೇರಿಸಿ, ಹುಣಸೆರಸ, ಉಪ್ಪು ಹಾಕಿ ಕುದಿಸಿ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಬೇಕು.

ಸಂಕ್ರಾಂತಿಯ ಚಳಿಗೆ ಸಿಹಿಗುಂಬಳದ ಸಾರು

ಅರ್ಧ ಕಿಲೋ ಸಿಹಿಗುಂಬಳ, ಒಂದು ಈರುಳ್ಳಿ, ಎರಡು ಟೊಮೇಟೊ, ಚೂರು ಶುಂಠಿಗಳನ್ನು ಎರಡು ಚಮಚ ತುಪ್ಪದಲ್ಲಿ ಬಾಡಿಸಿ, ಮೂರು ಬಟ್ಟಲು ನೀರಿನಲ್ಲಿ ಮೆತ್ತಗೆ ಬೇಯಿಸಿ, ಆರಿಸಿ ಅರೆದು, ಮೆಣಸಿನಪುಡಿ ಉದುರಿಸಿದರೆ ಸಾಕು. ಕುಂಬಳದ ಹಳದಿವರ್ಣದ್ರವ್ಯ ದೇಹದಲ್ಲಿ ಎ ಜೀವಸತ್ವವಾಗಿ ಮಾರ್ಪಡುತ್ತದೆ. ಅದನ್ನು ದೇಹ ಹೀರಿಕೊಳ್ಳಲು ಅಲ್ಪ ಜಿಡ್ಡು ಅವಶ್ಯ. ಆದ್ದರಿಂದ ತುಪ್ಪವನ್ನು ಪೂರ್ತಿ ಬಿಡುವುದು ಜಾಣತನವಲ್ಲ.

ಬಿಸಿ ದ್ರವದ ಅಪಾಯ

ಹಬ್ಬದ ದಿನದ ಅವಸರದಲ್ಲಿ ಕುದಿಯುವ ಸಾರನ್ನೇ ಜಾರಿಗೆ ಸುರಿದು ಗುಂಡಿ ತಿರುಗಿಸುವವರುಂಟು. ಇದು ಅತ್ಯಂತ ಅಪಾಯಕರ. ಅಲಗು ತಿರುಗಿದೊಡನೆ ಆವಿ ಒಮ್ಮೆಲೇ ಮೇಲೇಳುತ್ತದೆ, ಮುಚ್ಚಿದ ಜಾರಿನೊಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. ಮುಚ್ಚಳ ಸಿಡಿದು ಮುಖ, ಕೈಗಳ ಮೇಲೆ ಬಿಸಿ ಸಾರು ಎರಚುತ್ತದೆ. ಸಾರು ಉಗುರುಬೆಚ್ಚಗಾಗುವವರೆಗೆ ಕಾಯಬೇಕು, ಜಾರನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಕ್ಷಣಕಾಲ ತಿರುಗಿಸಿ ನಿಲ್ಲಿಸುತ್ತ, ನಿಧಾನವಾಗಿ ವೇಗ ಏರಿಸಬೇಕು, ಮಕ್ಕಳನ್ನು ದೂರವಿರಿಸಬೇಕು. ಅಕಸ್ಮಾತ್ ಸುಟ್ಟರೆ ಆ ಭಾಗವನ್ನು ಕೂಡಲೇ ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಶಾಯಿ, ತುಪ್ಪ, ದಂತಮಂಜನ ಇತ್ಯಾದಿ ಲೇಪಿಸಬಾರದು. ಮುಖಕ್ಕೆ ಅಥವಾ ಕಣ್ಣಿಗೆ ಪೆಟ್ಟಾದರೆ ವೈದ್ಯರನ್ನು ಕಾಣುವುದು ಅನಿವಾರ್ಯ.

ಯಾರಿಗೆ ಹಿತ, ಯಾರಿಗೆ ಮಿತ?

ಹಲ್ಲಿಲ್ಲದ ವೃದ್ಧರಿಗೂ ಜ್ವರದಿಂದ ಚೇತರಿಸಿಕೊಳ್ಳುವವರಿಗೂ ನುಣ್ಣನೆಯ ಸಾರು ವರಪ್ರಾಯ. ಆದರೆ ನುಂಗುವಾಗ ಕೆಮ್ಮು ಬರುವವರಿಗೆ ತೆಳುದ್ರವ ಶ್ವಾಸನಾಳವನ್ನು ಸೇರುವ ಭಯವಿದೆ. ಅವರಿಗೆ ಎಷ್ಟು ಗಟ್ಟಿ ಇರಬೇಕೆಂಬುದನ್ನು ವೈದ್ಯರೇ ಹೇಳಬೇಕು. ಅರೆಯುವುದರಿಂದ ನಾರು ನಾಶವಾಗುವುದಿಲ್ಲ. ಸೋಸಿದಾಗ ಮಾತ್ರ ಅದು ಕೈಬಿಟ್ಟುಹೋಗುತ್ತದೆ. ಮಧುಮೇಹಿಗಳು ಬೆಲ್ಲದ ಹೂರಣಕ್ಕೆ ಬದಲಾಗಿ ಸಪ್ಪೆ ಬೇಳೆಯನ್ನೇ ಅರೆದು ಹಾಕಿಕೊಳ್ಳಬಹುದು. ದಿನವೊಂದಕ್ಕೆ ಐದು ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಪ್ಪಳ, ಉಪ್ಪಿನಕಾಯಿಗಳಿರುವ ಹಬ್ಬದೂಟದಲ್ಲಿ ಸಾರಿಗಾದರೂ ಉಪ್ಪು ತಗ್ಗಿಸಿ, ಹುಳಿ ಮತ್ತು ಮೆಣಸಿನಿಂದ ರುಚಿ ತುಂಬುವುದು ರಕ್ತದೊತ್ತಡದವರಿಗೆ ಲೇಸು.

ಉಳಿದ ಸಾರನ್ನು ಎರಡು ಗಂಟೆಯೊಳಗೆ ಶೀತಕದಲ್ಲಿಟ್ಟು, ಮರುದಿನ ಚೆನ್ನಾಗಿ ಕುದಿಸಿಯೇ ಬಡಿಸಬೇಕು. ಊರಿನ ಒರಳು ದೂರವಾದರೂ ಅದರ ತಾಳ್ಮೆ ದೂರವಾಗಬೇಕಿಲ್ಲ. ಸಾರು ಆರುವ ಆ ಕಾಲು ಗಂಟೆಯನ್ನು ಕಾದವರ ಮನೆಯಲ್ಲಿ ಹಬ್ಬ ಹಬ್ಬವಾಗಿಯೇ ಉಳಿಯುತ್ತದೆ.