ಎಣ್ಣೆ ಕುಡಿಸಿದರೆ ಹಾಲಿನ ಜಿಡ್ಡು ಏರುತ್ತದೆಯೇ?



ಸಂಘದ ಚೀಟಿಯಲ್ಲಿ ಫ್ಯಾಟ್ ಇಳಿದ ಕೂಡಲೇ ಎಮ್ಮೆಗೆ ಗೊಟ್ಟದಲ್ಲಿ ಕುಸುಬಿ ಎಣ್ಣೆಯನ್ನೋ ಶೇಂಗಾ ಎಣ್ಣೆಯನ್ನೋ ಕುಡಿಸುವವರಿದ್ದಾರೆ. ಎಣ್ಣೆಯೂ ಜಿಡ್ಡು, ಹಾಲಿನಲ್ಲಿರುವುದೂ ಜಿಡ್ಡು, ಹಾಕಿದ್ದು ಬರಲೇಬೇಕು ಎಂಬುದು ಅವರ ಲೆಕ್ಕ. ಬಾಯಿಗೂ ಕೆಚ್ಚಲಿಗೂ ನಡುವೆ ಮೆಲುಕು ಚೀಲವಿದೆ ಎಂಬುದು ಆ ಲೆಕ್ಕದಲ್ಲಿ ಬಿಟ್ಟುಹೋಗಿದೆ.

ಈ ಚೀಲದ ಒಂದೊಂದು ಮಿಲಿಲೀಟರ್ ರಸದಲ್ಲೂ ನೂರಾರು ಕೋಟಿ ಸೂಕ್ಷ್ಮಜೀವಿಗಳಿವೆ. ಕಣಿಕೆ, ವಾಡೆಗಳ ನಾರನ್ನು ಕರಗಿಸಿ ಅಸಿಟಿಕ್ ಆಮ್ಲ ಮಾಡುವುದು ಇವೇ. ಅದು ರಕ್ತದ ಮೂಲಕ ಕೆಚ್ಚಲು ಸೇರಿ ಜಿಡ್ಡಾಗುತ್ತದೆ. ಹಾಲಿನ ಜಿಡ್ಡಿನ ಹೆಚ್ಚುಕಡಿಮೆ ಅರ್ಧ ಭಾಗ ಹೀಗೆ ಕೆಚ್ಚಲಿನಲ್ಲೇ ತಯಾರಾಗತಕ್ಕದ್ದು.

ಕುಸುಬಿ ಎಣ್ಣೆಯ ಸುಮಾರು ಮುಕ್ಕಾಲು ಪಾಲು ಲಿನೋಲಿಕ್ ಎಂಬ ಕೊಬ್ಬಿನ ಆಮ್ಲ. ನಾರು ಕರಗಿಸುವ ಜೀವಿಗಳಿಗೆ ಇದು ವಿಷವಿದ್ದಂತೆ. ಅವುಗಳ ಮೈಪೊರೆಯನ್ನೇ ಕೆಡಿಸುತ್ತದೆ. ಆದ್ದರಿಂದ ಅವು ಅದಕ್ಕೆ ಜಲಜನಕ ಸೇರಿಸಿ ಗಟ್ಟಿ ಕೊಬ್ಬಾಗಿ ಮಾರ್ಪಡಿಸುತ್ತವೆ. ವನಸ್ಪತಿ ಕಾರ್ಖಾನೆಯಲ್ಲಿ ನಡೆಯುವುದೂ ಇದೇ ಕೆಲಸ. ಕುಸುಬಿ ಹಿಂಡಿ ತಿಂದ ಎಮ್ಮೆಯ ತುಪ್ಪವೂ ಚಳಿಗೆ ಹೆಪ್ಪುಗಟ್ಟುವುದನ್ನು ತಾವು ನೋಡಿಯೇ ಇದ್ದೀರಿ.

ಎಣ್ಣೆ ಒಮ್ಮೆಲೇ ಹೆಚ್ಚು ಬಿದ್ದರೆ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಗೋವಿನಜೋಳದ ನುಚ್ಚು ಹೆಚ್ಚಾಗಿ, ಮೇವು ಕಡಿಮೆಯಾಗಿದ್ದರೆ ಇನ್ನೂ ಕೆಡುಕು. ಆಗ ಹುಟ್ಟುವ ಅರೆಬರೆ ಆಮ್ಲಗಳಲ್ಲಿ ಒಂದು, ದಿನಕ್ಕೆ ಕೆಲವೇ ಗ್ರಾಂ ಕೆಚ್ಚಲು ಸೇರಿದರೂ, ಅಲ್ಲಿ ಜಿಡ್ಡು ತಯಾರಾಗುವುದನ್ನು ತಡೆಯುತ್ತದೆ. ಇತ್ತ ನಾರೂ ಕರಗುವುದಿಲ್ಲ. ದುಬಾರಿ ಎಣ್ಣೆ ಹಾಕಿ ಫ್ಯಾಟ್ ಇಳಿಸಿಕೊಂಡಂತಾಯಿತು!

ಹಿಪ್ಪರಗಿ ಬ್ಯಾರೇಜಿನ ಆಸುಪಾಸಿನಲ್ಲಿ ಕಬ್ಬು ಕಡಿಯುವ ತಿಂಗಳುಗಳಲ್ಲಿ ವಾಡೆಗೆ ಬರವಿಲ್ಲ. ವಾಡೆಯಲ್ಲಿ ನಾರು ಸಾಕಷ್ಟಿದೆ, ಸಸಾರಜನಕ ಮಾತ್ರ ಬಹಳ ಕಡಿಮೆ. ಎಂದಮೇಲೆ ಆ ಜೀವಿಗಳಿಗೆ ಬೇಕಾದದ್ದು ಹಿಂಡಿಯೇ ಹೊರತು ಎಣ್ಣೆಯಲ್ಲ. ವಾಡೆಯ ಜೊತೆ ಒಣ ಕಣಿಕೆ, ಒಂದಿಷ್ಟು ಕುದುರೆಮೆಂತೆ, ಶೇಂಗಾ ಹಿಂಡಿ ಇಲ್ಲವೇ ಪಶು ಆಹಾರ ಕೊಡಿರಿ. ಗಾಣದ ಹಿಂಡಿಯಲ್ಲಿ ಉಳಿದಿರುವ ಎಣ್ಣೆಯೇ ಸಾಕು.

ಹತ್ತಿಕಾಳು ಹಾಕುವವರು ಒಂದು ಮಾತು ನೆನಪಿಡಬೇಕು. ಒಂದು ಕಿಲೋ ಕಾಳಿನಲ್ಲಿ 200 ಗ್ರಾಂಗೆ ಸಮೀಪ ಎಣ್ಣೆಯಿದೆ. ಇಡಿಯಾಗಿ ನೆನೆಸಿ ಕೊಟ್ಟರೆ ಅದು ನಿಧಾನವಾಗಿ ಬಿಡುತ್ತದೆ. ನುಣ್ಣಗೆ ರುಬ್ಬಿದರೆ ಒಮ್ಮೆಲೇ. ದಿನಕ್ಕೆ 12 ಕಿಲೋ ಒಣ ಪದಾರ್ಥ ತಿನ್ನುವ ಎಮ್ಮೆಗೆ ಎಲ್ಲ ಮೂಲಗಳಿಂದ ಸೇರಿ 600 ಗ್ರಾಂ ಕೊಬ್ಬು ಮೀರದಿರಲಿ. ಇದರಲ್ಲಿ ಅರ್ಧದಷ್ಟು ಮೇವು-ದಾಣಿಯಿಂದಲೇ ಬಂದಿರುತ್ತದೆ.

ನೊರೆಯ ಹೊಟ್ಟೆಯುಬ್ಬರಕ್ಕೆ ಎಣ್ಣೆ ಕುಡಿಸುವುದು ಬೇರೆ ಮಾತು. ಅದು ಆ ಹೊತ್ತಿನ ಔಷಧ. ಆಗಲೂ ನಾಲಿಗೆ ಹಿಡಿದೆಳೆಯಬೇಡಿ, ತಲೆಯನ್ನು ಬಹಳ ಎತ್ತಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಎಮ್ಮೆ ಉಳಿಯುವುದೇ ಕಷ್ಟ. ಹೊಸದಾಗಿ ಈದ, ಹೆಚ್ಚು ಹಾಲಿನ ಎಮ್ಮೆ ಸೊರಗುತ್ತಿದ್ದರೆ ಮೆಲುಕು ಚೀಲದಲ್ಲಿ ಕರಗದೆ ದಾಟಿಹೋಗುವ ಬೈಪಾಸ್ ಕೊಬ್ಬು ಸಿಗುತ್ತದೆ. ಪಶುವೈದ್ಯರನ್ನು ಕೇಳಿ ಕೊಡಿರಿ.

ಈಗಾಗಲೇ ದಿನವೂ ಎಣ್ಣೆ ಹಾಕುತ್ತಿದ್ದರೆ ನಿಲ್ಲಿಸಿ, ಕಣಿಕೆ ಹೆಚ್ಚಿಸಿರಿ. ಮಾರನೇ ದಿನವೇ ಫ್ಯಾಟ್ ಏರದು. ಎರಡು-ಮೂರು ವಾರ ಚೀಟಿ ನೋಡುತ್ತ ಬನ್ನಿರಿ.