ಭೇದಿಸಲಾಗದ ಕವಚವೂ ಆಟದ ಸ್ವಾರಸ್ಯವೂ

ಚೌಕಾಬಾರ ಆಡಿದವರಿಗೆ ಕಟ್ಟೆಮನೆಯ ಬೆಲೆ ಗೊತ್ತಿದೆ. ಅಲ್ಲಿ ಕುಳಿತ ಕಾಯನ್ನು ಯಾರೂ ಕಡಿಯುವಂತಿಲ್ಲ. ಆದರೆ ಕುಳಿತೇ ಇದ್ದ ಕಾಯಿ ಹಣ್ಣಾಗುವುದೂ ಇಲ್ಲ. ರಕ್ಷಣೆ ಉಂಟು, ಅದಕ್ಕೊಂದು ಬೆಲೆಯೂ ಉಂಟು.

ಇಂದಿನ ತರುಣರು ಮೇಜಿನ ಸುತ್ತ ಕುಳಿತು ಆಡುವ ಪಾತ್ರದಾಟಗಳಿಗೂ ಈ ನ್ಯಾಯವೇ ಜೀವಾಳ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಪ್ರಕಟವಾಯಿತು. ಇದರಲ್ಲಿ ಒಬ್ಬರು ಸೂತ್ರಧಾರರು. ಉಳಿದವರು ವೀರ, ಮಾಂತ್ರಿಕ ಮೊದಲಾದ ಪಾತ್ರಗಳನ್ನು ವಹಿಸಿ ಕಥೆಯನ್ನು ನಡೆಸುತ್ತಾರೆ. ಶತ್ರುವಿನ ಏಟು ತಗಲಿತೋ ಇಲ್ಲವೋ ಎಂಬುದನ್ನು 20 ಮುಖದ ದಾಳ ಹೇಳುತ್ತದೆ.

ಒಬ್ಬ ವೀರನಿಗೆ ಮಂತ್ರದ ಕವಚ ದೊರೆಯಿತೆನ್ನಿ. ಅದರಿಂದ ಏನಾಗುತ್ತದೆ? ಸ್ವಲ್ಪ ಲೆಕ್ಕ ಹಾಕೋಣ. ಶತ್ರುವಿಗೆ 11 ಅಥವಾ ಹೆಚ್ಚು ಬಿದ್ದರೆ ಏಟು ಎಂದಿದ್ದಾಗ, 20ರಲ್ಲಿ 10 ಏಟು ತಗಲುತ್ತವೆ. ಕವಚವು 2 ಅಂಕ ಕೂಡಿಸಿದರೆ 13 ಬೀಳಬೇಕು. 8 ಏಟು ತಗಲುತ್ತವೆ. ಇದು ಹೆಚ್ಚೇನಲ್ಲ. ಆದರೆ ಮೊದಲೇ 18 ಬೇಕಾಗಿದ್ದ ಗಟ್ಟಿ ವೀರನಿಗೆ ಅದೇ ಕವಚ ತೊಡಿಸಿರಿ. 3 ಏಟು ಹೋಗಿ 1 ಉಳಿಯುತ್ತದೆ! ಬಲವುಳ್ಳವನಿಗೆ ಕೊಟ್ಟ ಕವಚ ಬಲಹೀನನಿಗೆ ಕೊಟ್ಟದ್ದಕ್ಕಿಂತ ಹೆಚ್ಚು ಫಲ ಕೊಡುತ್ತದೆ. ಇನ್ನು ಅವನಿಗಾಗಿ ಶತ್ರುವಿನ ಬಲವನ್ನು ಏರಿಸಿದರೋ, ಕವಚವಿಲ್ಲದ ಜೊತೆಗಾರ ಮೊದಲ ಏಟಿಗೇ ಉರುಳುತ್ತಾನೆ. ಒಬ್ಬನಿಗೆ ಬೇಸರ, ಇನ್ನೊಬ್ಬನಿಗೆ ಸಂಕಟ.

ಹಾಗಾದರೆ ಉಪಾಯವೇನು? ನಮ್ಮ ಮಹಾಭಾರತವೇ ತೋರಿಸಿಕೊಟ್ಟಿದೆ. ಕರ್ಣನ ಸಹಜ ಕವಚವನ್ನು ಕಥೆಯು ಬಲಾತ್ಕಾರದಿಂದ ಕಿತ್ತುಕೊಳ್ಳಲಿಲ್ಲ. ಸೂರ್ಯನು ಎಚ್ಚರಿಸಿದ್ದರೂ ಕರ್ಣನೇ ಅದನ್ನು ಇಂದ್ರನಿಗೆ ಕೊಟ್ಟ. ಬದಲಿಗೆ ಒಂದೇ ಬಾರಿ ಪ್ರಯೋಗಿಸಬಹುದಾದ ಶಕ್ತ್ಯಾಯುಧ ಪಡೆದ. ಅರ್ಜುನನಿಗಾಗಿ ಕಾದಿಟ್ಟ ಅದು ಘಟೋತ್ಕಚನ ಮೇಲೆ ವ್ಯಯವಾಯಿತು. ಜಯದ್ರಥನ ವರಕ್ಕೂ ಮಿತಿಯುಂಟು: ಒಂದು ದಿನ ಮಾತ್ರ, ಅದೂ ಅರ್ಜುನನನ್ನು ಬಿಟ್ಟು. ಒಂದು ಕಡೆ ತ್ಯಾಗ, ಇನ್ನೊಂದು ಕಡೆ ಅವಧಿ. ಕಥೆಗೆ ಕಳೆ ಬಂದದ್ದು ಈ ಮಿತಿಗಳಿಂದಲೇ ಅಲ್ಲವೆ?

ಕಾವ್ಯದ ಮಾತು ಹಾಗಿರಲಿ, ಭಾಲ್ಕಿ, ಔರಾದ ಕಡೆಯಿಂದ ಬೀದರಿಗೆ ಬಂದವರು ಬಂಡೆಯನ್ನೇ ಕಡಿದು ತೋಡಿದ ಕೋಟೆಯ ಮೂರು ಸಾಲು ಕಂದಕ ನೋಡಿರಬಹುದು. 1657ರಲ್ಲಿ ಔರಂಗಜೇಬನ ಮುತ್ತಿಗೆಯಲ್ಲಿ ಆ ಕೋಟೆಗೆ ಕೇಡು ಬಂದದ್ದು ಒಳಗಿನ ಮದ್ದಿನಿಂದ. ಬುರುಜಿನಲ್ಲಿದ್ದ ಮದ್ದಿಗೆ ಕಿಡಿ ಬಿದ್ದು ಸಿಡಿದಾಗ ಕೋಟೆಯನ್ನು ಕಾಯುತ್ತಿದ್ದ ಸಿದ್ದಿ ಮರ್ಜಾನನೇ ಗಾಯಗೊಂಡು ಮಡಿದ. ಎಂಥ ರಕ್ಷೆಗೂ ಒಂದು ಸಂದು ಇದ್ದೇ ಇರುತ್ತದೆ.

ಆದುದರಿಂದ ನಿಮ್ಮ ಮನೆಯ ಮಕ್ಕಳು ಸೂತ್ರಧಾರರಾದರೆ ಈ ಮಾತು ತಿಳಿಸಿರಿ: ಕವಚ ಕೊಡುವಾಗಲೇ ಅದರ ಮಿತಿಯನ್ನೂ ಹೇಳಿಬಿಡಬೇಕು. ದಿನಕ್ಕೆ ಎಷ್ಟು ಬಾರಿ, ಯಾವ ಏಟಿಗೆ ಮಾತ್ರ, ಏನನ್ನು ತೆತ್ತು ಎಂಬುದು ಮೊದಲೇ ಗೊತ್ತಿದ್ದರೆ ಆಟಗಾರನು ಯೋಚಿಸಿ ಆಡುತ್ತಾನೆ. ಕೊಟ್ಟ ಮೇಲೆ ಉಪಾಯ ಹೂಡಿ ಕಸಿದುಕೊಂಡರೆ ಅದು ಆಟವಲ್ಲ, ಮೋಸ.