ಪದವಿಯ ನಂತರ ಮುಂದೇನು? ಮನೆಮಂದಿ ಕೂಡಿ ಹಾಕಬೇಕಾದ ಲೆಕ್ಕ

ಮಕ್ಕಳು ಪದವಿಯ ಅಂತಿಮ ವರ್ಷಕ್ಕೆ ಬಂದೊಡನೆ ಪ್ರತಿ ಮನೆಯಲ್ಲಿಯೂ ಒಂದು ಪ್ರಶ್ನೆ ತಲೆದೋರುತ್ತದೆ: ಮುಂದೆ ಓದಿಸುವುದೋ, ಕೆಲಸಕ್ಕೆ ಹಚ್ಚುವುದೋ? ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಗಂಗಾವತಿಯ ಕುಟುಂಬಕ್ಕೂ, ಮಳೆಯನ್ನೇ ನಂಬಿ ಸಜ್ಜೆ, ಕಡಲೆ ಬಿತ್ತುವ ಕುಷ್ಟಗಿ, ಯಲಬುರ್ಗಾ ಭಾಗದ ಕುಟುಂಬಕ್ಕೂ ಎರಡು ವರ್ಷಗಳ ಓದಿನ ಭಾರ ಒಂದೇ ಸಮನಲ್ಲ. ನೆರೆಯವರು ಬೆಂಗಳೂರಿಗೆ ಕಳಿಸಿದರೆಂದು ನಾವೂ ಹೊಲ ಒತ್ತೆಯಿಟ್ಟು ಕಳಿಸುವುದು ವಿವೇಕವಲ್ಲ. ಖರ್ಚಿಗೆ ಅಂಜಿ ಓದನ್ನೇ ನಿಲ್ಲಿಸುವುದೂ ವಿವೇಕವಲ್ಲ.

ಒಂದು ಕಾಲಕ್ಕೆ ನಮ್ಮ ಭಾಗದವರಿಗೆ ಸ್ನಾತಕೋತ್ತರ ಶಿಕ್ಷಣವೆಂದರೆ ಧಾರವಾಡವೇ ಆಗಿತ್ತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 2010ರಲ್ಲಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಸ್ಥಾಪನೆಯಾದವು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಕೊಪ್ಪಳ ಜಿಲ್ಲೆ 2023ರಲ್ಲಿ ತನ್ನದೇ ವಿಶ್ವವಿದ್ಯಾಲಯವನ್ನು ಕಂಡಿತು. ದೂರ ಕಡಿಮೆಯಾಗಿದೆ. ಆದರೆ ಊರಿಗಿಂತ ಮೊದಲು ಉದ್ದೇಶ ನಿಶ್ಚಯವಾಗಬೇಕು.

ಪ್ರೌಢಶಾಲಾ ಶಿಕ್ಷಕರಾಗಬೇಕೆಂಬವರಿಗೆ ಎರಡು ವರ್ಷಗಳ ಬಿ.ಎಡ್. ನೇರ ದಾರಿ. ಅಧ್ಯಾಪನ, ಸಂಶೋಧನೆಗಳತ್ತ ಒಲವುಳ್ಳವರು ಎಂ.ಎ., ಎಂ.ಎಸ್ಸಿ. ಮುಗಿಸಿ ನೆಟ್ ಪರೀಕ್ಷೆಗೆ ಸಿದ್ಧರಾಗಬೇಕು. ಎಂ.ಬಿ.ಎ., ಎಂ.ಸಿ.ಎ.ಗೆ ರಾಜ್ಯದ ಪಿಜಿಸಿಇಟಿ ಇದೆ. ವಿಜ್ಞಾನ ಪದವೀಧರರಿಗೆ ಐಐಟಿಗಳ ಎಂ.ಎಸ್ಸಿ. ಪ್ರವೇಶಕ್ಕೆ ಜ್ಯಾಮ್ ಪರೀಕ್ಷೆಯೂ, ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯದಂತಹ ಸಂಸ್ಥೆಗಳಿಗೆ ಸಿಯುಇಟಿ-ಪಿಜಿ ಪರೀಕ್ಷೆಯೂ ಇವೆ. ಗೇಟ್ ಅರ್ಹತೆಯೊಂದಿಗೆ ಎಂ.ಟೆಕ್. ಸೇರಿದವರಿಗೆ ಎಐಸಿಟಿಇ ಮಾನ್ಯತೆಯ ಕಾಲೇಜುಗಳಲ್ಲಿ ತಿಂಗಳಿಗೆ 12,400 ರೂ. ವಿದ್ಯಾರ್ಥಿವೇತನ ದೊರೆಯುತ್ತದೆ. ಗೇಟ್, ಜ್ಯಾಮ್ ಪರೀಕ್ಷೆಗಳು ಫೆಬ್ರವರಿಯಲ್ಲಿ ನಡೆಯುತ್ತವೆ. ಅರ್ಜಿ ಹಾಕುವ ಅವಧಿ ಅದಕ್ಕೂ ಹಲವು ತಿಂಗಳು ಮೊದಲೇ ಮುಗಿದಿರುತ್ತದೆ. ಫಲಿತಾಂಶ ಬಂದ ಮೇಲೆ ವಿಚಾರಿಸೋಣ ಎನ್ನುವ ಮನೆಗೆ ಈ ಬಾಗಿಲುಗಳು ಮುಚ್ಚಿಯೇ ಇರುತ್ತವೆ. ಆದ್ದರಿಂದ ಐದನೆಯ ಸೆಮಿಸ್ಟರಿನಲ್ಲಿಯೇ ತೀರ್ಮಾನವಾಗಬೇಕು.

ಸಾಲದ ಲೆಕ್ಕ

ಪಾಲಕರು ಸಾಮಾನ್ಯವಾಗಿ ಶುಲ್ಕವನ್ನಷ್ಟೇ ಕೇಳುತ್ತಾರೆ. ಕೋಣೆಯ ಬಾಡಿಗೆ, ಊಟ, ಪ್ರಯಾಣ, ಪುಸ್ತಕ, ಪರೀಕ್ಷಾ ಅರ್ಜಿಗಳ ಖರ್ಚು ಅನೇಕ ವೇಳೆ ಶುಲ್ಕವನ್ನೂ ಮೀರುತ್ತದೆ. ಸಾಲ ಮಾಡುವುದಾದರೆ ಬಡ್ಡಿಯನ್ನೂ ಕೂಡಿಸಬೇಕು. ವರ್ಷಕ್ಕೆ ಎರಡು ಲಕ್ಷದಂತೆ ನಾಲ್ಕು ಲಕ್ಷ ರೂ. ಸಾಲವನ್ನು ಶೇ. 10ರ ದರದಲ್ಲಿ ಪಡೆದೆವೆನ್ನೋಣ. ಓದಿನ ಎರಡು ವರ್ಷ ಹಾಗೂ ನಂತರದ ಒಂದು ವರ್ಷದ ಬಿಡುವಿನಲ್ಲಿ ಸರಳ ಬಡ್ಡಿಯೇ ಒಂದು ಲಕ್ಷವಾಗಿ ಸಾಲ ಐದು ಲಕ್ಷಕ್ಕೆ ಏರುತ್ತದೆ. ಅದನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 6,600 ರೂ. ಕಟ್ಟಬೇಕು, ಒಟ್ಟು ಎಂಟು ಲಕ್ಷದ ಹತ್ತಿರವಾಗುತ್ತದೆ. ಏಳೇ ವರ್ಷಗಳಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 8,300 ರೂ.ಗೆ ಏರಿದರೂ ಒಂದು ಲಕ್ಷದಷ್ಟು ಉಳಿಯುತ್ತದೆ. ಆ ಓದಿನಿಂದ ಸಿಗುವ ಮೊದಲ ಸಂಬಳ ಈ ಕಂತನ್ನು ಹೊರಬಲ್ಲುದೇ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು.

ಸಾಲಕ್ಕೆ ಮುನ್ನ ನೋಡಬೇಕಾದ ಆಸರೆಗಳೂ ಇವೆ. ಸಂವಿಧಾನದ 371(ಜೆ) ವಿಧಿಯಡಿ ನಮ್ಮ ಭಾಗದವರಿಗೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿ ಇದೆ. ಅದರ ಪ್ರಮಾಣಪತ್ರವನ್ನು ಅರ್ಜಿಯ ಕಾಲಕ್ಕೆ ಮುಂಚೆಯೇ ಮಾಡಿಸಿಟ್ಟುಕೊಳ್ಳಬೇಕು. 2020ರಲ್ಲಿ ಸ್ಥಾಪನೆಯಾದ ಕರ್ನಾಟಕ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದಲ್ಲಿ ಶಿಕ್ಷಣ ಸಾಲದ ಯೋಜನೆಗಳನ್ನು ವಿಚಾರಿಸಬಹುದು. ಓದುವ ಊರಿನಲ್ಲಿ ಮಠದ ಪ್ರಸಾದ ನಿಲಯವಿದ್ದರೆ ಅಲ್ಲಿ ಸ್ಥಳ ಕೇಳುವುದಕ್ಕೆ ಸಂಕೋಚ ಬೇಡ. ದಾಸೋಹದ ಅನ್ನ ಉಂಡು ಓದಿದವರು ನಮ್ಮ ನಾಡಿನಲ್ಲಿ ಅಸಂಖ್ಯ.

ಇಷ್ಟೆಲ್ಲ ಲೆಕ್ಕ ಹಾಕುವಾಗ ಮಗನಿಗೊಂದು, ಮಗಳಿಗೊಂದು ತಕ್ಕಡಿ ಇರಬಾರದು. ಮಗಳ ಓದಿನ ಹಣವನ್ನು ಮದುವೆಗೆಂದು ಎತ್ತಿಡುವ ಮನೆಯವರು, ಗಂಡು ಹೆಣ್ಣಿಗೆ ಸಮಾನ ಸ್ಥಾನ ಕೊಟ್ಟ ಶರಣರ ವಾರಸುದಾರರೆಂದು ಹೇಳಿಕೊಳ್ಳುವುದು ಹೇಗೆ? ಹತ್ತಿರದ ಕಾಲೇಜು ಮಗಳಿಗೆ ಸಾಕೆನ್ನುವುದಾದರೆ ಮಗನಿಗೂ ಸಾಕು; ದೂರದ ಓದು ಮಗನಿಗೆ ಅವಶ್ಯವೆನ್ನುವುದಾದರೆ ಮಗಳಿಗೂ ಅವಶ್ಯ.

ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಸಂಪತ್ತನ್ನು ಸಮಾಜದ ಮಕ್ಕಳ ವಿದ್ಯೆಗಾಗಿ ಬರೆದಿಟ್ಟರು. ಅಂಥವರ ನೆರವಿನಿಂದ ಓದಿ ಇಂದು ಗಳಿಸುತ್ತಿರುವವರು ತಮ್ಮ ಊರಿನ ಒಬ್ಬ ವಿದ್ಯಾರ್ಥಿಯ ಒಂದು ವರ್ಷದ ಊಟದ ಖರ್ಚನ್ನಾದರೂ ವಹಿಸಿಕೊಂಡರೆ, ಎಷ್ಟೋ ಮನೆಗಳ ಹೊಲ ಒತ್ತೆ ಬೀಳದೆ ಉಳಿದೀತು. ಅದೂ ದಾಸೋಹವೇ.